ಸ್ಪೀಡ್ ಕ್ಯಾಮೆರಾ, ಗನ್ನು, ಫೈನು: ನಮ್ ಹಾಸನ ಚಿಕ್ಕಮಗಳೂರು ಕಡೆಯವ್ರು ಪದೇ ಪದೇ ಕೇಳೋ ಪ್ರಶ್ನೆಗಳು

ಹದಿನೆಂಟು ವರ್ಷ ಹಾಸನದಲ್ಲಿ ಹಳದಿ ಬೋರ್ಡ್ ಓಡ್ಸಿದೀನಿ, ಈಗ ಎರಡು ಕಾರ್ ಇಟ್ಕೊಂಡು ಹುಡುಗ್ರ ಕೈಲಿ ಓಡಿಸ್ತೀನಿ. ಓಡ್ಸೋರು ಅವ್ರು, ಫೈನಿನ ಮೆಸೇಜ್ ಬರೋದು ನನ್ ಫೋನಿಗೆ, ಹಂಗಾಗಿ ಈ ವಿಷಯ ಕಲೀಲೇಬೇಕಾಯ್ತು. ಕಲ್ತಿದ್ದು ಗೊತ್ತಾದ್ಮೇಲೆ ನೆಂಟ್ರು, ಸ್ಟ್ಯಾಂಡಿನ ಡ್ರೈವರ್‌ಗಳು, ಹಿಂದಿನ ಸೀಟಲ್ಲಿ ಕೂತ ಪ್ಯಾಸೆಂಜರ್‌ಗಳು ಎಲ್ರೂ ಕೇಳೋಕೆ ಶುರು ಮಾಡಿದ್ರು, ಕೇಳಿದ್ದನ್ನೇ ತಿರುಗಾ ಕೇಳ್ತಾರೆ, ಅದ್ಕೆ ಅವ್ರು ಕೇಳಿದ್ ಥರನೇ ಪ್ರಶ್ನೆ ಇಟ್ಟು ಉತ್ರ ಬರ್ದಿದೀನಿ.

## ಮೊದ್ಲು ಗೊತ್ತಿರ್ಬೇಕಾದ್ದು

ಕಂಬದ ಮೇಲೆ ಕಾಣೋದೆಲ್ಲಾ ಸ್ಪೀಡ್ ಕ್ಯಾಮೆರಾನೇನಾ ಅಣ್ಣ?

ಅಲ್ಲ. ಸರ್ಕಲ್‌ಗಳಲ್ಲಿ ಬೋರಲು ಹಾಕಿದ ಬಟ್ಟಲಿನ ಥರ ನೇತಾಡ್ತಿರುತ್ತಲ್ಲ ಅದು ಮಾಮೂಲಿ ಸಿಸಿ ಟಿವಿ, ಸುಮ್ನೆ ನೋಡ್ಕೊಂಡಿರುತ್ತೆ. ರೋಡಿಗೆ ಅಡ್ಡ ಕಮಾನಿನ ಥರ ಕಂಬ ಹಾಕಿ, ಲೇನಿಗೊಂದರಂತೆ ಉದ್ದುದ್ದ ಡಬ್ಬಿ ಕೂರ್ಸಿರ್ತಾರಲ್ಲ, ಅದು ನಂಬರ್ ಪ್ಲೇಟ್ ಓದೋ ಕ್ಯಾಮೆರಾ. ಅದಕ್ಕೂ ಒಂದೇ ಫೋಟೋದಲ್ಲಿ ಸ್ಪೀಡ್ ಗೊತ್ತಾಗಲ್ಲ, ಪಕ್ಕದಲ್ಲಿ ರೇಡಾರ್ ಇರುತ್ತೆ, ಅದು ಸ್ಪೀಡ್ ಅಳೀತದೆ, ಇದು ನಂಬರ್ ಓದ್ತದೆ, ಎರಡೂ ಸೇರಿದ್ರೆ ಸ್ಪೀಡ್ ಕ್ಯಾಮೆರಾ. ಇನ್ನು ಮರದ ನೆರಳಲ್ಲಿ ಗಾಡಿ ನಿಲ್ಸ್ಕೊಂಡು ಕೈಲಿ ಹಿಡ್ಕೊಂಡಿರ್ತಾರಲ್ಲ, ಅದು ಲೇಸರ್ ಗನ್ನು. ನಮ್ಮ ಕಡೆ ಜನ ಬೆಚ್ಚಿ ಬೀಳೋದು ಈ ಗನ್ನಿಗೇ, ಇವತ್ತು ಇಲ್ಲಿರುತ್ತೆ ನಾಳೆ ಇನ್ನೆಲ್ಲೋ.

ನಮ್ ರೋಡಲ್ಲಿ ಎಷ್ಟರಲ್ಲಿ ಹೋಗ್ಬೋದು? ಒಬ್ಬ 100 ಅಂತಾನೆ ಒಬ್ಬ 80 ಅಂತಾನೆ

ಇಬ್ರೂ ಹೇಳೋದು ಸರಿನೇ ಇರ್ಬೋದು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡ್ಸಿದ ಆದೇಶದ ಪ್ರಕಾರ ಕಾರಿಗೆ ಎಕ್ಸ್‌ಪ್ರೆಸ್ ವೇಲಿ 120, ಮಧ್ಯ ಡಿವೈಡರ್ ಇರೋ ನಾಲ್ಕು ಲೇನ್ ರೋಡಲ್ಲಿ 100, ಊರೊಳ್ಗೂ ಬೇರೆ ರೋಡುಗಳಲ್ಲೂ 70. ಅದೇ ನಾಲ್ಕು ಲೇನಲ್ಲಿ ಬಸ್ಸು, ಟಿಟಿ (ಟೆಂಪೋ ಟ್ರಾವೆಲರ್) ಅಂಥವಕ್ಕೆ 90, ಲಾರಿಗೆ 80, ಬೈಕಿಗೆ 80, ಆಟೋಗೆ 50. ಆದ್ರೆ ಇದು ಮೇಲಿನ ಮಿತಿ ಅಷ್ಟೇ. ಶಾಲೆ, ಸೇತುವೆ, ಊರು, ತಿರುವು ನೋಡ್ಕೊಂಡು ಅದಕ್ಕಿಂತ ಕಮ್ಮಿ ಮಾಡೋ ಅಧಿಕಾರ ರಾಜ್ಯಕ್ಕಿದೆ, ಹಂಗೆ ಮಾಡಿ ಬೋರ್ಡ್ ನೆಟ್ಟಿದ್ರೆ ಬೋರ್ಡಿನದ್ದೇ ಲೆಕ್ಕ. ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರೋ ನಾಲ್ಕು ಲೇನಿನ ಲೆಕ್ಕ ಬೇರೆ, ಬೇಲೂರಿಂದ ಚಿಕ್ಕಮಗಳೂರಿಗೆ ಹೋಗೋ ರೋಡಿನ ಲೆಕ್ಕ ಬೇರೆ, ಎರಡನೇದು ಎಷ್ಟೇ ನುಣ್ಣಗಿದ್ರೂ ಡಿವೈಡರ್ ಇಲ್ಲ ಅಂದ್ರೆ 70. ರೋಡ್ ನುಣ್ಣಗಾದಷ್ಟೂ ಮಿತಿ ಜಾಸ್ತಿ ಅಂದ್ಕೊಂಡಿರೋರು ಬಹಳ ಜನ ಇದಾರೆ, ನಮ್ ಮಾವನೂ ಒಬ್ರು.

ಹಳದಿ ಬೋರ್ಡಿನೋರಿಗೆ ಇದ್ರ ಮೇಲೆ 80ರ ಸ್ಪೀಡ್ ಗವರ್ನರ್ ಬೇರೆ, ಅಂದ್ರೆ ಗಾಡಿ 80 ದಾಟದಂಗೆ ತಡೆಯೋ ಯಂತ್ರ. ಅದ್ರ ವೈರ್ ಏನಾಗುತ್ತೆ ಅಂತ ಇಲ್ಲಿ ಬರ್ಯೋದು ಬೇಡ.

ಫೈನ್ ಎಷ್ಟು?

ಕರ್ನಾಟಕದಲ್ಲಿ ಓವರ್‌ಸ್ಪೀಡಿಗೆ ಬೈಕು, ಆಟೋ, ಕಾರಿಗೆ 1000 ರೂಪಾಯಿ, ದೊಡ್ಡ ಗಾಡಿಗೆ 2000. 2019ರಲ್ಲಿ ಕೇಂದ್ರ ಫೈನುಗಳನ್ನ ಒಂದೇ ಸಲ ಏರಿಸ್ದಾಗ ಜನ ಗಲಾಟೆ ಮಾಡಿದ್ರು, ಅದೇ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಹೆಲ್ಮೆಟ್, ಸೀಟ್ ಬೆಲ್ಟ್ ಥರದವನ್ನ 500ಕ್ಕೆ ಇಳಿಸ್ತು. 130 ದಾಟಿದ್ರೆ ಮಾತ್ರ ಕತೆ ಬೇರೆ, 2024ರ ಆಗಸ್ಟ್ 1ರಿಂದ ಅದಕ್ಕೆ ಎಫ್‌ಐಆರ್ ಅಂತ ರಾಜ್ಯದ ಪೊಲೀಸ್ರು ಹೇಳಿದಾರೆ, ಅಂದ್ರೆ ಕೋರ್ಟು, ವಕೀಲ್ರು, ಅಲೆದಾಟ. ಪಾಸ್‌ಪೋರ್ಟ್ ಮಾಡ್ಸೋ ಹುಡುಗ್ರು ಇದನ್ನ ಎರಡು ಸಲ ಓದಿ.

ಮೀಟ್ರಲ್ಲಿ 110 ತೋರಿಸ್ತಿತ್ತು, ನೋಟೀಸಲ್ಲಿ 104 ಅಂತ ಬಂದಿದೆ, ಕ್ಯಾಮೆರಾ ಸರಿ ಇಲ್ಲ ಅಂತ ಕೇಸ್ ಹಾಕ್ಬೋದಾ?

ಕ್ಯಾಮೆರಾ ಸರಿ ಇದೆ ಸ್ವಾಮಿ, ಸುಳ್ಳು ಹೇಳ್ತಿರೋದು ನಿಮ್ ಮೀಟ್ರು. ಗಾಡಿ ಕಂಪನಿಗಳು ಬೇಕು ಅಂತಾನೇ ಮೀಟ್ರನ್ನ ಸ್ವಲ್ಪ ಜಾಸ್ತಿ ತೋರ್ಸೋ ಹಂಗೆ ಮಾಡಿರ್ತಾರೆ. ವಿಶ್ವಸಂಸ್ಥೆಯ ನಿಯಮದಲ್ಲೇ ಇದೆ, ಮೀಟ್ರು ನಿಜವಾದ ಸ್ಪೀಡಿಗಿಂತ ಯಾವತ್ತೂ ಕಮ್ಮಿ ತೋರಿಸ್ಬಾರ್ದು, ಜಾಸ್ತಿ ತೋರ್ಸಿದ್ರೆ ನೂರಕ್ಕೆ ಹತ್ತು ಮತ್ತೆ ಅದರ್ಮೇಲೆ 4 ಕಿಲೋಮೀಟರ್‌ವರೆಗೂ ಪರವಾಗಿಲ್ಲ ಅಂತ. ಫೋನಿನ ಜಿಪಿಎಸ್ ಪಕ್ಕದಲ್ಲಿಟ್ಟು ನೋಡಿ, ನೇರ ರೋಡಲ್ಲಿ ಒಂದೇ ಸ್ಪೀಡಲ್ಲಿ ಹೋಗುವಾಗ ಮೀಟ್ರು 80 ಅಂದ್ರೆ ಫೋನು 75, 76 ಅನ್ನುತ್ತೆ. ಹಂಗಾಗಿ ನಿಮ್ಗೆ ಬಂದಿರೋ 104 ನಿಜವಾದ 104. ಆದ್ರೆ ಕಂಪನಿ ಟೈರ್ ತೆಗ್ದು ದಪ್ಪ ಟೈರ್ ಹಾಕ್ಸಿದ್ರೆ ಲೆಕ್ಕ ತಿರುಗುತ್ತೆ, ಆಗ ಮೀಟ್ರು ಕಮ್ಮಿ ತೋರ್ಸೋಕೆ ಶುರು ಮಾಡ್ಬೋದು. ಎಸ್ಟೇಟ್ ರೋಡಿಗೆ ಅಂತ ಜೀಪಿಗೆ ದೊಡ್ಡ ಟೈರ್ ಹಾಕ್ಸ್ಕೊಂಡಿರೋ ಮೂಡಿಗೆರೆ, ಸಕಲೇಶಪುರದೋರು ಒಂದ್ಸಲ ಚೆಕ್ ಮಾಡ್ಕೊಳ್ಳಿ.

ಅಷ್ಟು ದೂರದಿಂದ ಗನ್ನು ನನ್ ಗಾಡಿನೇ ಹಿಡೀತು ಅಂತ ಏನ್ ಗ್ಯಾರಂಟಿ, ಪಕ್ಕದಲ್ಲಿ ಇನ್ನೊಂದು ಕಾರ್ ಇತ್ತಲ್ಲ?

ಒಳ್ಳೆ ಪ್ರಶ್ನೆ, ಉತ್ರ ಯಾವ ಯಂತ್ರ ಅನ್ನೋದ್ರ ಮೇಲಿದೆ. ರೇಡಾರ್ ರೇಡಿಯೋ ಅಲೆ ಕಳಿಸುತ್ತೆ, ಓಡ್ತಿರೋ ಗಾಡಿಗೆ ತಾಗಿ ವಾಪಸ್ ಬರೋ ಅಲೆ ಸ್ವಲ್ಪ ಬದಲಾಗಿರುತ್ತೆ, ಆಂಬುಲೆನ್ಸ್ ಹತ್ರ ಬರುವಾಗ ಸದ್ದು ಕೀರಲಾಗಿ, ದಾಟಿ ಹೋದ್ಮೇಲೆ ದಪ್ಪ ಆಗುತ್ತಲ್ಲ ಅದೇ ಕತೆ. ಆ ಅಲೆ ಟಾರ್ಚ್ ಬೆಳಕಿನ ಥರ ಹರಡ್ಕೊಳ್ಳುತ್ತೆ, ಹಂಗಾಗಿ ಅಕ್ಕಪಕ್ಕದ ಗಾಡಿ ಗೊಂದಲ ಆಗೋ ಸಾಧ್ಯತೆ ಇರೋದು ಇದ್ರಲ್ಲೇ. ಲೇಸರ್ ಗನ್ನು ಹಂಗಲ್ಲ. ಕಣ್ಣಿಗೆ ಕಾಣದ ಬೆಳಕಿನ ಮಿಡಿತ ನೂರಾರು, ಅರ್ಧ ಸೆಕೆಂಡೂ ಆಗೋಕೆ ಮುಂಚೆ ಕಳ್ಸಿ, ಪ್ರತಿಯೊಂದು ಹೋಗಿ ಬರೋಕೆ ಎಷ್ಟು ಹೊತ್ತು ತಗೊಳ್ತು ಅಂತ ಲೆಕ್ಕ ಹಾಕಿ, ದೂರ ಎಷ್ಟು ಬೇಗ ಕಮ್ಮಿ ಆಗ್ತಿದೆ ಅಂತ ನೋಡುತ್ತೆ. 300 ಮೀಟರ್ ದೂರದಲ್ಲೂ ಆ ಬೆಳಕಿನ ಅಗಲ ಒಂದು ಮೀಟರ್ ಆಸುಪಾಸು, ಅಂದ್ರೆ ನಿಮ್ ಬಾನೆಟ್ಟಿಗಿಂತ ಚಿಕ್ಕದು.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ಅವ್ರು ನಿಮ್ಮ ಎದುರಿಗೆ ರೋಡ್ ಮಧ್ಯ ನಿಂತಿರಲ್ಲ, ಪಕ್ಕದಲ್ಲಿ ನಿಂತಿರ್ತಾರೆ, ಓರೆಯಾಗಿ ಅಳೆದಾಗ ಬರೋ ಸ್ಪೀಡು ನಿಜಕ್ಕಿಂತ ಒಂಚೂರು ಕಮ್ಮಿನೇ ಬರುತ್ತೆ. ಲಾಭ ನಿಮ್ಗೇ.

ಯಾವ ಪುಣ್ಯಾತ್ಮ ಕಂಡುಹಿಡ್ದಿದ್ದು ಈ ಸ್ಪೀಡ್ ಕ್ಯಾಮೆರಾನ?

ನಗ್ಬೇಡಿ, ಒಬ್ಬ ರೇಸ್ ಡ್ರೈವರು. ಹಾಲೆಂಡಿನ ಮೌಸ್ ಗ್ಯಾಟ್ಸೊನೈಡಿಸ್ ಅಂತ, 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದೋನು. ತಿರುವುಗಳಲ್ಲಿ ತಾನು ಇನ್ನೂ ಜೋರಾಗಿ ಹೋಗ್ತಿದೀನಾ ಇಲ್ವಾ ಅಂತ ಅಳ್ಕೊಳ್ಳೋಕೆ ಮಾಡ್ಕೊಂಡ ಯಂತ್ರ ಅದು, ಆಮೇಲೆ ಪೊಲೀಸರ ಕೈಗೆ ಹೋಯ್ತು.

## ಕೇಸ್ ಬಿದ್ಮೇಲೆ

ಕಾರು ನಂದು, ಓಡ್ಸಿದ್ದು ಭಾಮೈದ, ಫೈನ್ ನಾನ್ಯಾಕೆ ಕಟ್ಲಿ?

ಕ್ಯಾಮೆರಾಗೆ ನಂಬರ್ ಪ್ಲೇಟ್ ಗೊತ್ತು, ನಿಮ್ ಭಾಮೈದ ಗೊತ್ತಿಲ್ಲ, ಅದಕ್ಕೆ ನೋಟೀಸ್ ಆರ್‌ಸಿ ಯಾರ ಹೆಸರಲ್ಲಿದ್ಯೋ ಅವ್ರಿಗೆ ಬರುತ್ತೆ. ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಆವತ್ತು ಯಾರು ಓಡಿಸ್ತಿದ್ರು ಅಂತ ಪೊಲೀಸ್ರು ಕೇಳಿದ್ರೆ ಓನರ್ ಹೇಳ್ಬೇಕು, ಅವ್ರ ಲೈಸೆನ್ಸ್ ವಿವರ ಕೊಡ್ಬೇಕು. ಹಬ್ಬದ ದಿನ ಭಾಮೈದನ ಮೇಲೆ ಕಂಪ್ಲೇಂಟ್ ಕೊಟ್ಟಂಗೆ ಆಗುತ್ತೆ ಅಂತ ಯಾರೂ ಆ ಕೆಲ್ಸ ಮಾಡಲ್ಲ, ಒಳಗೊಳಗೇ ಕಟ್ಕೊಂಡು ಸುಮ್ನಾಗ್ತಾರೆ.

ಕಾರ್ ಮಾರಿರೋರು ಹುಷಾರು. ಆರ್‌ಸಿ ವರ್ಗಾವಣೆ ಆಗೋವರ್ಗೂ ಆ ಗಾಡಿ ಮಾಡೋ ಘನಕಾರ್ಯ ಎಲ್ಲಾ ನಿಮ್ ಹೆಸರಿಗೇ.

ನಾನ್ ಹೋಗೇ ಇಲ್ದಿರೋ ಊರಲ್ಲಿ ನನ್ ಗಾಡಿಗೆ ಕೇಸ್ ಬಿದ್ದಿದೆ, ಇದೆಂಗೆ?

ನನಗೂ ಆಗಿದೆ. ಒಂದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆ, ಮೆಸೇಜ್ ಬಂತು, ನಮ್ ಕಾರಿನ ನಂಬರಿಗೆ ಹೆಲ್ಮೆಟ್ ಹಾಕಿಲ್ಲ ಅಂತ 500 ರೂಪಾಯಿ. ಕಾರಲ್ಲಿ ಹೆಲ್ಮೆಟ್! ಫೋಟೋ ತೆಗ್ದು ನೋಡಿದ್ರೆ ಸ್ಕೂಟರು, ಪ್ಲೇಟಲ್ಲಿ 8 ಅನ್ನೋ ಅಂಕಿ ಮೇಲೆ ಕೆಸರು ಮೆತ್ಕೊಂಡು ನೋಡೋರ ಕಣ್ಣಿಗೆ 3 ಥರ ಕಾಣ್ತಿತ್ತು, ಹಂಗೇ ನಮ್ ನಂಬರ್ ಆಗೋಗಿತ್ತು. ಅದನ್ನ ತೆಗೆಸೋಕೆ ಸಂಬಂಧಪಟ್ಟ ಆಫೀಸಿಗೆ ಮೂರು ಸಲ ಹೋದೆ, ಮೊದಲ ಸಲ ಸಾಹೇಬ್ರಿಲ್ಲ, ಎರಡನೇ ಸಲ ಸರ್ವರ್ ಇಲ್ಲ, ಮೂರನೇ ಸಲ ಒಬ್ಬ ಹುಡುಗ ಎರಡು ನಿಮಿಷದಲ್ಲಿ ನೋಡಿ ‘ಹೌದಲ್ಲ ಸಾರ್, ಸ್ಕೂಟರ್ ಇದು’ ಅಂತ ತೆಗ್ದಾಕ್ದ. ಐನೂರು ಉಳೀತು, ಮೂರು ದಿನದ ಬಾಡಿಗೆ ಹೋಯ್ತು.

ಹಂಗಾಗಿ ಮೊದ್ಲು ಫೋಟೋ ನೋಡಿ. ಗಾಡಿ ಮಾಡೆಲ್ಲು, ಕಲರ್ರು, ಪ್ಲೇಟಿನ ಒಂದೊಂದು ಅಂಕಿ. ನಿಮ್ ಗಾಡಿ ಅಲ್ಲ ಅಂದ್ರೆ ಆವತ್ತು ನಿಮ್ ಗಾಡಿ ಎಲ್ಲಿತ್ತು ಅನ್ನೋದಕ್ಕೆ ಒಂದು ಗುರುತು ಇಟ್ಕೊಳ್ಳಿ, ಸರ್ವಿಸ್ ಬಿಲ್ಲೋ, ಪೆಟ್ರೋಲ್ ಬಂಕಿನ ರಸೀದಿಯೋ. ಪ್ಲೇಟು ಥೇಟ್ ನಿಮ್ದೇ ಆಗಿ ಗಾಡಿ ಮಾತ್ರ ಬೇರೆ ಆಗಿದ್ರೆ ಯಾರೋ ನಿಮ್ ನಂಬರ್ ಹಾಕ್ಕೊಂಡು ತಿರುಗ್ತಾವ್ರೆ ಅಂತ ಅರ್ಥ, ತಡ ಮಾಡದೆ ಸ್ಟೇಷನ್ನಿಗೆ ಬರ್ದು ಕೊಡಿ.

ಬೋರ್ಡೇ ಹಾಕಿಲ್ಲ, ಬಚ್ಚಿಟ್ಕೊಂಡು ಹಿಡೀತಾರೆ, ಇದು ನ್ಯಾಯಾನಾ?

2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಅಂತ ಒಂದು ಸೇರಿಸಿದ್ರು. ಕ್ಯಾಮೆರಾದಿಂದ ಹಿಡಿಯೋ ಜಾಗಕ್ಕೆ ಮುಂಚೆ ಎಲ್ರಿಗೂ ಕಾಣೋ ಹಂಗೆ ಎಚ್ಚರಿಕೆ ಫಲಕ ಹಾಕ್ಬೇಕು, ಯಂತ್ರಕ್ಕೆ ವರ್ಷ ವರ್ಷ ಸರ್ಟಿಫಿಕೇಟ್ ಆಗ್ಬೇಕು, ತಪ್ಪು ನಡೆದ 15 ದಿನದೊಳಗೆ ನೋಟೀಸ್ ಕೊಡ್ಬೇಕು, ನೋಟೀಸಿನ ಜೊತೆ ಪ್ಲೇಟ್ ಕಾಣೋ ಫೋಟೋ, ಅಳೆದ ಸ್ಪೀಡು, ಜಾಗ, ದಿನಾಂಕ, ಟೈಮು ಇರ್ಬೇಕು ಅಂತೆಲ್ಲಾ ಅದ್ರಲ್ಲಿದೆ. ನಿಮ್ಗೆ ಬಂದ ನೋಟೀಸಲ್ಲಿ ಇವು ಇಲ್ಲ ಅಂದ್ರೆ ಕೇಳೋ ಹಕ್ಕಿದೆ, ಕೋರ್ಟಲ್ಲೂ ಹೇಳ್ಬೋದು.

ಬೋರ್ಡಿನ ವಿಷ್ಯದಲ್ಲಿ ನಾನು ಜನರ ಕಡೆ. ಬೋರ್ಡ್ ಹಾಕಿದ್ರೆ ಬೋರ್ಡ್ ನೋಡೇ ಅರ್ಧ ಜನ ಇಳಿಸ್ತಾರೆ, ಒಂದು ರೂಪಾಯಿ ಫೈನ್ ಬರ್ದೇ ಇದ್ರೂ ಸ್ಪೀಡ್ ಕಮ್ಮಿ ಆಯ್ತಲ್ಲ, ಬೇಕಾಗಿದ್ದು ಅದೇ ಅಲ್ವಾ. ಕಾಫಿ ಗಿಡದ ಮರೇಲಿ ಕೂತು ದಿನಕ್ಕೆ ಇಷ್ಟು ಕೇಸ್ ಅಂತ ಹಿಡಿದ್ರೆ ಜನಕ್ಕೆ ಅದು ವಸೂಲಿ ಥರನೇ ಕಾಣೋದು. ಆದ್ರೆ ಬೋರ್ಡ್ ಇಲ್ಲ ಅಂದ್ರೆ ಸ್ಪೀಡ್ ಮಿತಿನೇ ಇಲ್ಲ ಅಂತ ಅರ್ಥ ಅಲ್ಲ, ಮೇಲೆ ಹೇಳಿದ 70, 100 ಯಾವತ್ತೂ ಇದ್ದೇ ಇರುತ್ತೆ.

ಹಾಫ್ ರೇಟ್ ಬಿಡ್ತಾರಲ್ಲ, ಅಲ್ಲೀವರ್ಗೂ ಕಾಯೋಣ್ವಾ?

ಎಲ್ಲಕ್ಕಿಂತ ಜಾಸ್ತಿ ಬರೋ ಪ್ರಶ್ನೆ. 2023ರ ಫೆಬ್ರವರಿಲಿ ಬಾಕಿ ಇರೋ ಟ್ರಾಫಿಕ್ ಫೈನಿಗೆ ಶೇಕಡಾ 50 ರಿಯಾಯಿತಿ ಅಂತ ಬಿಟ್ರು, ಬೆಂಗಳೂರಲ್ಲಿ ಜನ ಕ್ಯೂ ನಿಂತು ಕಟ್ಟಿದ್ರು, ಕೆಲವೇ ದಿನದಲ್ಲಿ ನೂರು ಕೋಟಿ ದಾಟ್ತು. ಆಮೇಲೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಮತ್ತೆ ಬಿಟ್ರು. ಸರ್ಕಾರಕ್ಕೆ ಕೂತ ಬಾಕಿ ಬಂತು, ಸರಿ. ಆದ್ರೆ ಡ್ರೈವರ್ ಏನ್ ಕಲ್ತ? ಕರೆಕ್ಟಾಗಿ ಮಾರನೇ ದಿನ ಕಟ್ಟಿದೋನು ದಡ್ಡ, ಎರಡು ವರ್ಷ ಎಳೆದೋನು ಬುದ್ಧಿವಂತ. ನಮ್ ಸ್ಟ್ಯಾಂಡಲ್ಲಿ ಒಬ್ಬ ಇದಾನೆ, ಹನ್ನೊಂದು ಕೇಸ್ ಇಟ್ಕೊಂಡು ‘ದೀಪಾವಳಿ ಆಫರ್ ಬರ್ಲಿ ತಡಿ’ ಅಂತಾನೆ, ಬಟ್ಟೆ ಅಂಗಡಿ ಆಫರಿಗೆ ಕಾದಂಗೆ.

ಕಾಯ್ಬೇಕಾ ಅಂದ್ರೆ, ಯಾವಾಗ ಬಿಡ್ತಾರೆ, ಯಾವ ಕೇಸಿಗೆ ಬಿಡ್ತಾರೆ ಅನ್ನೋದು ಯಾರ ಕೈಲೂ ಇಲ್ಲ, ಅಷ್ಟರಲ್ಲಿ ಕೋರ್ಟಿಗೆ ಹೋದ್ರೆ, ಗಾಡಿ ಮಾರ್ಬೇಕಾದ್ರೆ, ಎಫ್‌ಸಿ ಮಾಡಿಸ್ಬೇಕಾದ್ರೆ ತಲೆನೋವು. ನಾನು ಬಂದ ವಾರದಲ್ಲೇ ಕಟ್ತೀನಿ, ಹುಡುಗನ ಸಂಬಳದಲ್ಲಿ ಅರ್ಧ ಹಿಡೀತೀನಿ.

ವಾಟ್ಸಾಪಲ್ಲಿ ಚಲನ್ ಬಂತು, ಜೊತೆಗೊಂದು ಆ್ಯಪ್ ಇದೆ, ಒತ್ಲಾ?

ಒತ್ಬೇಡಿ. ಆರ್‌ಟಿಓ, ಪರಿವಾಹನ್ ಅಂತ ಹೆಸರಿಟ್ಕೊಂಡು ಎಪಿಕೆ ಫೈಲ್ ಕಳಿಸ್ತಾರೆ, ಇನ್‌ಸ್ಟಾಲ್ ಮಾಡಿದ್ರೆ ನಿಮ್ ಮೆಸೇಜು ಒಟಿಪಿ ಎಲ್ಲಾ ಅವ್ರ ಕೈಗೆ ಹೋಗುತ್ತೆ, ಅಕೌಂಟ್ ಖಾಲಿ. ಪೊಲೀಸ್ರು ಯಾವತ್ತೂ ಆ್ಯಪ್ ಫೈಲ್ ಕಳ್ಸಲ್ಲ. ಡೌಟ್ ಇದ್ರೆ ನೀವೇ ಇ-ಚಲನ್ ವೆಬ್‌ಸೈಟಲ್ಲಿ ಗಾಡಿ ನಂಬರ್ ಹಾಕಿ ನೋಡಿ, ಇಲ್ಲಾಂದ್ರೆ ಕರ್ನಾಟಕ ಒನ್‌ಗೋ ಟ್ರಾಫಿಕ್ ಸ್ಟೇಷನ್ನಿಗೋ ಹೋಗಿ ಕೇಳಿ.

## ಡ್ರೈವರ್‌ಗಳ ಬುದ್ಧಿ

ಕ್ಯಾಮೆರಾ ಹತ್ರ ಇಳಿಸ್ತೀವಿ ದಾಟಿದ್ಮೇಲೆ ಎಳೀತೀವಿ, ಎಲ್ರೂ ಮಾಡೋದು ಅದೇ, ತಪ್ಪೇನು?

ಎಲ್ರೂ ಮಾಡೋದು ಅದೇ ಅನ್ನೋದು ನಿಜ. ಮೊನ್ನೆ ಬೆಳಿಗ್ಗೆ ಆರೂವರೆಗೆ ಏರ್‌ಪೋರ್ಟ್ ಡ್ರಾಪ್ ಮುಗಿಸ್ಕೊಂಡು ಬರ್ತಿದ್ದೆ, ಹಿರೀಸಾವೆ ದಾಟಿದೀನಿ, ಹೊಲದ ಮೇಲೆ ಮಂಜು ಇನ್ನೂ ಎದ್ದಿಲ್ಲ. ಬಲಗಡೆ ಲೇನಲ್ಲಿ ಒಂದು ಬಿಳಿ ಇನೋವಾ, ಅದ್ರ ಹಿಂದೆ ಒಂದು ಕರಿ ಕಾರು, ಆಮೇಲೆ ನಾನು. ಇನೋವಾದೋನು ಇದ್ದಕ್ಕಿದ್ದಂಗೆ ಬ್ರೇಕ್ ಒತ್ತಿದ, ಕೆಂಪು ಲೈಟು ಫಳ್ ಅಂತು, ಹಿಂದಿನೋನು ಕಾಫಿ ಕುಡೀತಿದ್ನೋ ಏನೋ ಲೇಟಾಗಿ ನೋಡಿ ಎಡಕ್ಕೆ ಎಳ್ದ, ಎಡದಲ್ಲಿ ತೆಂಗಿನಕಾಯಿ ತುಂಬ್ಕೊಂಡ ಲಾರಿ. ಲಾರಿಯವನು ಹಾರನ್ ಒತ್ಕೊಂಡೇ ಮಣ್ಣಿಗೆ ಇಳ್ಸಿ ಉಳಿಸ್ಕೊಂಡ. ನನ್ ಎದೆ ಬಡಿತ ನನಗೇ ಕೇಳ್ತಿತ್ತು. ಏನ್ ಅಂತ ನೋಡಿದ್ರೆ ಕಂಬದ ಮೇಲೆ ಡಬ್ಬಿ. ಅದನ್ನ ದಾಟಿ ಮುನ್ನೂರು ಮೀಟರ್ ಆಗಿಲ್ಲ, ಇನೋವಾ ಮತ್ತೆ ಹೋಯ್ತು ಬಾಣದಂಗೆ.

ಇದಕ್ಕೆ ಹೊರದೇಶದಲ್ಲಿ ಕಾಂಗರೂ ಎಫೆಕ್ಟ್ ಅಂತ ಹೆಸರೇ ಇದೆ, ಕಾಂಗರೂ ಥರ ಕುಪ್ಪಳಿಸ್ಕೊಂಡು ಹೋಗೋದು. ಕ್ಯಾಮೆರಾ ಜಾಗ ಉರು ಹೊಡೆದಿದೀವೇ ಹೊರ್ತು ಸ್ಪೀಡ್ ಕಮ್ಮಿ ಮಾಡೋದು ಕಲ್ತಿಲ್ಲ. ಮ್ಯಾಪ್ ಬೇರೆ ‘ಮುಂದೆ ಸ್ಪೀಡ್ ಕ್ಯಾಮೆರಾ ಇದೆ’ ಅಂತ ಅಕ್ಕನ ದನೀಲಿ ಹೇಳುತ್ತೆ. ತಪ್ಪೇನು ಅಂದ್ರೆ, ನಿಮ್ ಹಿಂದೆ ಇರೋನಿಗೆ ಆ ಕ್ಯಾಮೆರಾ ಗೊತ್ತಿಲ್ದೇ ಇರ್ಬೋದು. ಇಳಿಸೋದಾದ್ರೆ ಅರ್ಧ ಕಿಲೋಮೀಟರ್ ಮುಂಚೆನೇ ಆಕ್ಸಿಲರೇಟರ್ ಬಿಡಿ, ಬ್ರೇಕ್ ಮೇಲೆ ನಿಂತ್ಕೋಬೇಡಿ.

ಎದುರುಗಡೆಯಿಂದ ಲೈಟ್ ಹೊಡ್ದು ‘ಮುಂದೆ ಅವ್ರೆ’ ಅಂತ ಹೇಳೋದು ಸರಿನಾ?

ನಾನೂ ಹೊಡ್ದಿದೀನಿ, ಹದಿನೆಂಟು ವರ್ಷ. ಡ್ರೈವರ್ ಡ್ರೈವರ್‌ಗೆ ಮಾಡೋ ಉಪಕಾರ ಅದು, ಮುಖ ನೋಡಿರಲ್ಲ, ಹೆಸ್ರು ಗೊತ್ತಿರಲ್ಲ, ಎರಡು ಸಲ ಡಿಪ್ ಡಿಮ್ ಮಾಡಿದ್ರೆ ಕೈ ಎತ್ತಿ ಥ್ಯಾಂಕ್ಸ್ ಹೇಳ್ತಾನೆ. ಅದ್ರಿಂದ ಎದುರಿನೋನು ಸ್ಪೀಡ್ ಇಳಿಸ್ತಾನೆ ಅಲ್ವಾ, ಹಂಗಾದ್ರೆ ಒಳ್ಳೇದೇ ಆಯ್ತಲ್ಲ ಅಂತ ವಾದ ಮಾಡ್ತಿದ್ದೆ. ಒಂದ್ಸಲ ಪ್ಯಾಸೆಂಜರ್ ಒಬ್ರು ರಿಟೈರ್ಡ್ ಮೇಷ್ಟ್ರು ಕೇಳಿದ್ರು, ‘ನೀನು ಲೈಟ್ ಹೊಡ್ದಿದ್ದು ಕುಡ್ಕೊಂಡು ಓಡ್ಸೋನಿಗೆ ಅಂತ ಇಟ್ಕೋ, ಅವನು ಪಕ್ಕದ ಮಣ್ಣಿನ ರೋಡಿಗೆ ತಿರುಗ್ಸಿ ತಪ್ಪಿಸ್ಕೊಂಡ, ಆಗ?’ ಅಂತ. ಅವತ್ತಿಂದ ನಾನು ಲೈಟ್ ಹೊಡೆಯೋದು ರೋಡಲ್ಲಿ ಮರ ಬಿದ್ದಿದ್ರೆ, ದನ ಮಲಗಿದ್ರೆ, ಬಿಕ್ಕೋಡು ಕಡೆ ಆನೆ ನಿಂತಿದ್ರೆ ಅಷ್ಟೇ.

ಪೊಲೀಸ್ರು ಮೊದ್ಲಿನಂಗೆ ಓಡಿ ಬಂದು ಅಡ್ಡ ಹಾಕೋದು ಕಮ್ಮಿ ಆಗಿದೆ ಯಾಕೆ?

2025ರ ಮೇ ತಿಂಗ್ಳಲ್ಲಿ ಮಂಡ್ಯದಲ್ಲಿ ನಾಯಿ ಕಚ್ಚಿದ ಮಗುವನ್ನ ಬೈಕಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದಾಗ ತಪಾಸಣೆಗೆ ತಡೆದು, ಬೈಕ್ ಬಿದ್ದು ಮಗು ತೀರ್ಕೊಂಡಿತ್ತು, ನೆನಪಿರ್ಬೋದು. ಅದಾದ್ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರ ಕಡೆಯಿಂದ ಸೂಚನೆ ಬಂತು: ಕಣ್ಣಿಗೆ ಕಾಣೋ ತಪ್ಪಿಲ್ದೆ ಗಾಡಿ ನಿಲ್ಲಿಸ್ಬಾರ್ದು, ಕೀ ಕಿತ್ಕೋಬಾರ್ದು, ಜೋರಾಗಿ ಹೋಗೋರನ್ನ ಅಟ್ಟಿಸ್ಕೊಂಡು ಹೋಗ್ಬಾರ್ದು, ನಂಬರ್ ನೋಟ್ ಮಾಡ್ಕೊಂಡು ಮುಂದಿನೋರಿಗೆ ತಿಳಿಸ್ಬೇಕು ಅಂತ. ಬೈಕ್ ಹುಡುಗ್ರು ‘ಕ್ಯಾಮೆರಾಗಿಂತ ಪೊಲೀಸ್ ವಾಸಿ, ಕೈಕಾಲು ಹಿಡಿದ್ರೆ ಬಿಡ್ತಿದ್ರು’ ಅಂತಾರೆ. ನನಗೆ ಕ್ಯಾಮೆರಾನೇ ಇಷ್ಟ. ಎಮ್ಮೆಲ್ಲೆ ಕಡೆಯವ್ರು ಅಂದ್ರೂ ಬಿಡಲ್ಲ, ನನ್ನಂಥೋನು ಅಂತ ಜಾಸ್ತಿನೂ ಕೇಳಲ್ಲ.

ನಂಬರ್ ಕಾಣ್ದಂಗೆ ಮಾಡಿದ್ರೆ ಏನೂ ಮಾಡೋಕಾಗಲ್ಲ ಅಲ್ವಾ?

ಆಯುಧಪೂಜೆ ಆದ್ಮೇಲೆ ಹದಿನೈದು ದಿನ ಬಾಳೆಕಂದು, ಚೆಂಡುಹೂವಿನ ಹಾರ ಪ್ಲೇಟ್ ಮೇಲೇ ಒಣಗ್ತಿರುತ್ತೆ, ಭಕ್ತಿ ಅಂತೆ. ಪ್ಲೇಟ್ ಬಗ್ಗಿಸೋದು, ಒಂದು ಅಂಕಿಗೆ ಟೇಪ್ ಅಂಟಿಸೋದು, ಮಾಸ್ಕ್ ಸಿಗಿಸೋದು ಎಲ್ಲಾ ನೋಡಿದೀನಿ. ಸ್ಪೀಡಿಗೆ ಸಾವಿರ ಕಟ್ಟಿ ಮುಗಿಸೋದನ್ನ ಬಿಟ್ಟು, ಪ್ಲೇಟ್ ತಿದ್ದಿ ಸಿಕ್ಕಾಕ್ಕೊಂಡು ವಂಚನೆ ಕೇಸ್ ಮಾಡ್ಸ್ಕೋತಾರೆ.

## ಇನ್ನೂ ಸ್ವಲ್ಪ ಒಳಕ್ಕೆ

ಎರಡು ಟೋಲ್ ಮಧ್ಯದ ಟೈಮ್ ನೋಡಿ ಕೇಸ್ ಹಾಕ್ತಾರಂತೆ ಹೌದಾ?

ಐಡಿಯಾ ನಿಜ, ಹೊಸದೂ ಅಲ್ಲ. ಎರಡು ಕಡೆ ಕ್ಯಾಮೆರಾ ಇಟ್ಟು, ಮಧ್ಯದ ದೂರನ ನೀವು ತಗೊಂಡ ಟೈಮಿಂದ ಭಾಗಿಸಿದ್ರೆ ಸರಾಸರಿ ಸ್ಪೀಡ್ ಬಂತು. ಉದಾಹರಣೆಗೆ 30 ಕಿಲೋಮೀಟರನ್ನ 15 ನಿಮಿಷದಲ್ಲಿ ದಾಟಿದ್ರೆ ಸರಾಸರಿ 120, ಕ್ಯಾಮೆರಾ ಮುಂದೆ ಎಷ್ಟೇ ಸಾಧು ಆಗಿದ್ರೂ ತಪ್ಪಿಸ್ಕೊಳ್ಳೋಕಾಗಲ್ಲ. ಇಟಲಿ 2005ರಲ್ಲೇ ಹೆದ್ದಾರಿಲಿ ಶುರು ಮಾಡ್ತು. ಸ್ಕಾಟ್ಲೆಂಡಲ್ಲಿ ಎ9 ಅಂತ ಒಂದು ಉದ್ದದ ರೋಡಿದೆ, ಬಹಳ ಕಡೆ ಡಿವೈಡರ್ ಇಲ್ಲ, ನಮ್ ಬೇಲೂರು ರೋಡಿನಂಗೆ ಓವರ್‌ಟೇಕ್ ಮಾಡೋಕೋಗಿ ಸಾಯೋರು. 2014ರ ಅಕ್ಟೋಬರಲ್ಲಿ ಅಲ್ಲಿ ಸರಾಸರಿ ಕ್ಯಾಮೆರಾ ಹಾಕೋಕೆ ಹೋದಾಗ ಜನ ದೊಡ್ಡ ವಿರೋಧ ಮಾಡಿದ್ರು. ಹಾಕಿದ್ಮೇಲೆ ಜೋರಾಗಿ ಹೋಗೋರ ಸಂಖ್ಯೆ ಸಿಕ್ಕಾಪಟ್ಟೆ ಇಳೀತು.

ಕುಪ್ಪಳಿಸೋ ಬುದ್ಧಿಗೆ ಔಷಧಿ ಅಂತ ಇದ್ರೆ ಇದೇ ಅಂತ ನನ್ ಅಭಿಪ್ರಾಯ. ಇದ್ರಲ್ಲೂ ಕಳ್ಳದಾರಿ ಹುಡುಕ್ತೀವಿ ಬಿಡಿ, ಚೆನ್ನಾಗಿ ಎಳ್ದು ಆಮೇಲೆ ಟೋಲಿಗೆ ಮುಂಚೆ ಟೀ ಕುಡಿಯೋಕೆ ನಿಲ್ಸೋದು. ಕುಡೀಲಿ.

20 ಜಾಸ್ತಿ ಹೋದ್ರೆ ಆಕಾಶ ಕಳಚಿ ಬೀಳುತ್ತಾ?

ಲೆಕ್ಕ ಹಾಕೋಣ. 80ರಲ್ಲಿ ಹೋಗ್ತಿದೀರಿ, ಎದುರಿಗೆ ಎಮ್ಮೆ ಬಂತು. ಕಣ್ಣು ನೋಡಿ ಕಾಲು ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಇಟ್ಕೊಳ್ಳಿ, ಅಷ್ಟರಲ್ಲಿ 22 ಮೀಟರ್ ಆಯ್ತು, ಒಣ ರೋಡಲ್ಲಿ ಒಳ್ಳೆ ಟೈರಿದ್ರೆ ಬ್ರೇಕ್ ಹಿಡಿದು ನಿಲ್ಲೋಕೆ ಇನ್ನೊಂದು 36, ಒಟ್ಟು 58 ಮೀಟರ್. ಅದೇ 100ರಲ್ಲಿ ಯೋಚಿಸೋಕೆ 28, ನಿಲ್ಲೋಕೆ 56, ಒಟ್ಟು 84. ಸ್ಪೀಡ್ ಕಾಲು ಭಾಗ ಏರಿದ್ರೆ ಬ್ರೇಕಿನ ದೂರ ಅರ್ಧಕ್ಕಿಂತ ಜಾಸ್ತಿ ಏರುತ್ತೆ, ಯಾಕಂದ್ರೆ ಅದು ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರೋದು. 80ರೋನು ಎಮ್ಮೆ ಮುಂದೆ ನಿಂತು ಬೈತಿರೋ ಜಾಗದಲ್ಲಿ 100ರೋನು ಇನ್ನೂ 70ರ ಹತ್ರ ಸ್ಪೀಡಲ್ಲಿರ್ತಾನೆ. ಜುಲೈ ಮಳೇಲಿ, ಸವೆದ ಟೈರಲ್ಲಿ ಇನ್ನೂ ಜಾಸ್ತಿ. ಸರಾಸರಿ ಸ್ಪೀಡ್ ಶೇಕಡಾ 1 ಏರಿದ್ರೆ ಸಾವಿನ ಅಪಘಾತ ಶೇಕಡಾ 4ರಷ್ಟು ಏರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಇದಕ್ಕೇ.

ಉಳಿಯೋದೆಷ್ಟು? 40 ಕಿಲೋಮೀಟರ್ ಪೂರ್ತಿ 80ರಲ್ಲಿ ಹೋದ್ರೆ 30 ನಿಮಿಷ, ಪೂರ್ತಿ 100ರಲ್ಲಿ ಹೋದ್ರೆ 24. ಆ ಆರು ನಿಮಿಷ ಹಾಸನದ ಎನ್‌ಆರ್ ಸರ್ಕಲ್ ಸಿಗ್ನಲ್ಲಲ್ಲಿ ವಾಪಸ್ ಕೊಡ್ತೀರಿ.

ಚಾರ್ಮಾಡಿ, ಶಿರಾಡಿಲಿ ಕ್ಯಾಮೆರಾ ಹಾಕಿದ್ರೆ ಆಕ್ಸಿಡೆಂಟ್ ನಿಲ್ಲುತ್ತಾ?

ಘಾಟೀಲಿ ಸಾಯ್ಸೋದು ಮೀಟ್ರಲ್ಲಿ ಕಾಣೋ ಸ್ಪೀಡ್ ಅಲ್ಲ. 40ರಲ್ಲಿ ಹೋಗ್ತಾನೇ ತಿರುವಲ್ಲಿ ಓವರ್‌ಟೇಕ್ ಮಾಡೋದು, ಇಳಿಜಾರಲ್ಲಿ ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸ್ತೀನಿ ಅನ್ನೋದು, ಬ್ರೇಕ್ ಕಾದು ಹಿಡೀದೇ ಇರೋದು, ಮಂಜಲ್ಲಿ ಹೈ ಬೀಮ್ ಹಾಕೋದು, ಇವುಗಳಲ್ಲಿ ಒಂದನ್ನೂ ಸ್ಪೀಡ್ ಗನ್ನು ಹಿಡಿಯಲ್ಲ. ಇಳಿಯೋಕೆ ಸೆಕೆಂಡ್ ಗೇರ್, ಇಂಜಿನ್ನೇ ಗಾಡಿ ಹಿಡೀಲಿ. ಕಿರಿದಾದ ಜಾಗದಲ್ಲಿ ಹತ್ತೋ ಗಾಡಿಗೆ ಇಳಿಯೋನು ದಾರಿ ಬಿಡ್ಬೇಕು, ಇದು ಬರೀ ಮರ್ಯಾದೆ ಅಲ್ಲ, ನಿಯಮದಲ್ಲೇ ಇದೆ. ವೀಕೆಂಡಲ್ಲಿ ಮುಳ್ಳಯ್ಯನಗಿರಿ ಕಡೆ ಹೋಗಿ ನೋಡಿ, ಹೊರಗಿಂದ ಬಂದೋರಿಗೆ ಇದು ಗೊತ್ತೇ ಇಲ್ಲ ಮಾರಾಯ್ರೆ, ಮೂತಿಗೆ ಮೂತಿ ತಂದು ಹಾರನ್ ಹೊಡೀತಾ ನಿಂತಿರ್ತಾರೆ.

ಹಂಗಾದ್ರೆ ಕ್ಯಾಮೆರಾ ಬದ್ಲು ಹಂಪ್ ಹಾಕಿದ್ರೆ ಮುಗೀತಲ್ಲ?

ಊರೊಳಗೆ, ಶಾಲೆ ಹತ್ರ ಹೌದು. ಹೈವೇಲಿ ಬೇಡ. ರೋಡ್ ಹೆಂಗಿರ್ಬೇಕು ಅಂತ ಅಳತೆ ಹೇಳೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆ ಹೇಳೋ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ಸ್ಪೀಡಲ್ಲಿ ಹಾಯಾಗಿ ದಾಟೋ ಥರ. ನಮ್ ಊರುಗಳಲ್ಲಿ ಆಕ್ಸಿಡೆಂಟ್ ಆದ ರಾತ್ರಿ ಸಿಟ್ಟಲ್ಲಿ ಹಾಕೋ ಹಂಪು ಚಪ್ಪಡಿ ಕಲ್ಲು ನಿಲ್ಸ್ದಂಗಿರುತ್ತೆ, ಬಣ್ಣ ಇಲ್ಲ, ಬೋರ್ಡಿಲ್ಲ, ಮುಂದಿನ ಆಕ್ಸಿಡೆಂಟ್ ಅದ್ರ ಮೇಲೇ.

ನಿಜ ಹೇಳಿ, ಕ್ಯಾಮೆರಾದಿಂದ ಸಾವು ಕಮ್ಮಿ ಆಗುತ್ತಾ ಇಲ್ಲ ಬರೀ ದುಡ್ಡಿಗಾ?

ಕಮ್ಮಿ ಆಗುತ್ತೆ. 2010ರಲ್ಲಿ ಕಾಕ್ರೇನ್ ಅನ್ನೋ ಸಂಸ್ಥೆ ಬೇರೆ ಬೇರೆ ದೇಶದ 35 ಅಧ್ಯಯನ ಒಟ್ಟಿಗೆ ಇಟ್ಟು ನೋಡ್ತು, ಕ್ಯಾಮೆರಾ ಹತ್ರದ ಜಾಗಗಳಲ್ಲಿ ಸಾವು ಮತ್ತೆ ಗಂಭೀರ ಗಾಯದ ಅಪಘಾತ ಶೇಕಡಾ 11ರಿಂದ 44ರವರೆಗೂ ಕಮ್ಮಿ ಆಗಿತ್ತು. ಈ 11ಕ್ಕೂ 44ಕ್ಕೂ ಎಷ್ಟು ಅಂತರ ನೋಡಿ, ಅಂದ್ರೆ ಎಲ್ಲಿ ಹಾಕ್ತೀರಿ, ಹೆಂಗೆ ಹಾಕ್ತೀರಿ ಅನ್ನೋದ್ರ ಮೇಲಿದೆ.

ಲೆಕ್ಕದಲ್ಲಿ ಒಂದು ಮೋಸ ಇದೆ, ಅದನ್ನ ತಿಳ್ಕೊಂಡಿರ್ಬೇಕು. ಒಂದು ವರ್ಷ ಆಕ್ಸಿಡೆಂಟ್ ವಿಪರೀತ ಆದ ಜಾಗ ನೋಡಿ ಕ್ಯಾಮೆರಾ ಹಾಕ್ತಾರೆ, ಮುಂದಿನ ವರ್ಷ ಹೆಂಗಿದ್ರೂ ಸ್ವಲ್ಪ ಕಮ್ಮಿ ಆಗೋದು ಸಹಜ. ಒಂದು ವರ್ಷ ಮಳೆ ಗುಡ್ಡ ಜಾರೋ ಹಂಗೆ ಸುರೀತು, ಊರೋರು ಹೋಮ ಮಾಡ್ಸಿದ್ರು, ಮುಂದಿನ ವರ್ಷ ಮಾಮೂಲಿ ಮಳೆ ಬಂತು, ಹೋಮದಿಂದ ಅಂದಂಗೆ. ಬೆಂಗಳೂರು ಮೈಸೂರು ಹೈವೇಲೂ ಅಷ್ಟೇ, 2024ರಲ್ಲಿ ಕ್ಯಾಮೆರಾ ಬಂದ್ಮೇಲೆ ಸಾವು ಇಳೀತು ಅಂತಾರೆ, ಆದ್ರೆ 2023ರ ಆಗಸ್ಟ್ 1ರಿಂದಲೇ ಅಲ್ಲಿ ಬೈಕು ಆಟೋ ಬಂದ್ ಮಾಡಿದ್ರಲ್ಲ, ಎಲ್ಲಾ ಪುಣ್ಯನೂ ಕ್ಯಾಮೆರಾ ತಲೆಗೆ ಕಟ್ಟೋಕಾಗಲ್ಲ.

ಮತ್ತೆ ಫೈನ್ ಎಷ್ಟು ದೊಡ್ಡದು ಅನ್ನೋದಕ್ಕಿಂತ ಸಿಕ್ಕಾಕ್ಕೊಳ್ಳೋದು ಎಷ್ಟು ಗ್ಯಾರಂಟಿ, ಎಷ್ಟು ಬೇಗ ಅನ್ನೋದು ಜಾಸ್ತಿ ಕೆಲ್ಸ ಮಾಡುತ್ತೆ. ನಮ್ ಹುಡುಗ್ರನ್ನೇ ನೋಡಿದೀನಿ, ಮಾರನೇ ದಿನ ಮೆಸೇಜ್ ಬಂದ್ರೆ ಹತ್ತು ದಿನ ಹುಷಾರಾಗಿರ್ತಾರೆ, ಎಂಟು ತಿಂಗ್ಳು ಬಿಟ್ಟು ಬಂದ್ರೆ ‘ಅದ್ಯಾವ್ದಣ್ಣ ಅದು?’ ಅಂತಾರೆ.

ತಪ್ಪು ಮಾಡ್ದೋರ್ಗೆ ಫೈನ್ ಸರಿ, ನೆಟ್ಟಗೆ ಓಡ್ಸೋರಿಗೆ ಏನೂ ಇಲ್ವಾ?

ಸ್ವೀಡನ್ ದೇಶದ ಸ್ಟಾಕ್‌ಹೋಮಲ್ಲಿ 2010ರಲ್ಲಿ ಮಾಡಿದ್ರು. ಜೋರಾಗಿ ಹೋದೋರ ಫೈನ್ ದುಡ್ಡನ್ನ, ಮಿತಿಯೊಳಗೆ ಹೋದೋರ ಹೆಸ್ರಲ್ಲಿ ಲಾಟರಿ ಎತ್ತಿ ಕೊಡೋದು. ಸರಾಸರಿ ಸ್ಪೀಡ್ 32ರಿಂದ 25ಕ್ಕೆ ಇಳೀತು. ಕೆಲವೇ ದಿನದ ಪ್ರಯೋಗ ಅದು, ವರ್ಷಗಟ್ಲೆ ಇದ್ದಿದ್ರೆ ಏನಾಗ್ತಿತ್ತೋ. ನಮ್ಮಲ್ಲಿ ಮಾಡಿದ್ರೆ ಲಾಟರಿ ಹೊಡೆಯೋಕೆ ಅಂತ ಒಂದೇ ಕ್ಯಾಮೆರಾ ಮುಂದೆ ದಿನಕ್ಕೆ ನಲವತ್ತು ಸಲ ಓಡಾಡ್ತೀವಿ.

ಇಷ್ಟೆಲ್ಲಾ ಹೇಳ್ತೀರಲ್ಲ, ನಿಮ್ಗೆ ಯಾವತ್ತೂ ಬಿದ್ದಿಲ್ವಾ?

ಬಿದ್ದಿದೆ, ನಾಲ್ಕು. ಕೊನೇದ್ರ ಫೋಟೋ ಇನ್ನೂ ಫೋನಲ್ಲಿದೆ. ಹಾಸನಾಂಬ ದರ್ಶನಕ್ಕೆ ಅಂತ ಚಿಕ್ಕಮ್ಮನ್ನ ಕಡೂರಿಂದ ಕರ್ಕೊಂಡು ಬರ್ತಿದ್ದೆ, ಕ್ಯೂ ಉದ್ದ ಆಗೋಗುತ್ತೆ ಬೇಗ ನಡಿಯೋ ಅಂತ ದಾರಿಯುದ್ದಕ್ಕೂ ಅಂತಿದ್ರು, 70ರ ರೋಡಲ್ಲಿ 91. ಫೋಟೋದಲ್ಲಿ ನನ್ ಮುಖ ಗಂಟಿಕ್ಕಿದೆ, ಪಕ್ಕದ ಕಿಟಕಿಯಿಂದ ಅವ್ರ ಕೈ ಹೊರಗಿದೆ, ಬಳೆ ಎಣಿಸ್ಬೋದು, ಅಷ್ಟು ಕ್ಲಿಯರ್ ಕ್ಯಾಮೆರಾ. ಕ್ಯೂನಲ್ಲಿ ಐದು ಗಂಟೆ ನಿಂತ್ವಿ. ಸಾವಿರ ರೂಪಾಯಿ ಚಿಕ್ಕಮ್ಮ ಕೊಡ್ತೀನಿ ಅಂದಿದಾರೆ, ಇನ್ನೂ ಕೊಟ್ಟಿಲ್ಲ.